ಹಿತ್ತಾಳಿ ಹಲ್ಲು

ಉದ್ಯಮಬಾಗದಾಗ ಪಾರೀಸ ಚೌಗುಲೆಯ ಅಂಗಡಿ.
ಬೋರ್ಡಿನ ಹೊಸ ಬಣ್ಣದ ಕೆಳಗ
ಊರಿನ ಹಳೇ ಹೆಸರು ಇನ್ನೂ ಇಣಕತೈತಿ.
ಲೇಥಿನ ಪಕ್ಕ ಪೇಪರ್ ಹಾಸಿ
ಗಾಡಿ ಬಿಚ್ಚಿಟ್ಟಾನ.

"ಎರಡೇ ದಾರಿ ಅದಾವು ಅಕ್ಕಾರ.
ಒಂದು, ಇದ್ದದ್ದು ಇದ್ದಂಗ ಮಾಡೋದು.
ಅದೇ ಮೋಟರು, ಅದೇ ಇಪ್ಪತ್ತೇಳು ಮೆಗಾಹರ್ಟ್ಸ್ ಹರಳು,
ಟಯರ್ ಜಪಾನಿನಿಂದ ತರಸೋದು,
ಆಮ್ಯಾಲ ಗಾಜಿನ ಪೆಟಗ್ಯಾಗ ಇಟ್ಟು ನೋಡೋದು.
ಇನ್ನೊಂದು, ಒಳಗಿಂದೆಲ್ಲಾ ಕಿತ್ತು
ಬ್ರಶ್‌ಲೆಸ್ ಮೋಟರು, ಲಿಥಿಯಂ ಬ್ಯಾಟರಿ.
ಬಿಟ್ರಂದ್ರ, ರೇಲ್ವೆ ಗೇಟಿನ್ಯಾಗ ನಿಂತ
ಬುಲೆಟ್ಟಿನವ್ರು ಹೊಳ್ಳಿ ನೋಡಬೇಕು.
ಹೇಳ್ರಿ."

ನಾ ಹೇಳಲಿಲ್ಲ.

ಮಸ್ಕತ್ತಿನಿಂದ ಕಾಕಾ ತಂದಿದ್ದ, ಎಂಬತ್ತೇಳರ ದೀಪಾವಳಿಗೆ.
ಕೆಂಪು ಬಾಡಿ, ಬೆನ್ನಿಗೆ ಬಿಳೀ ರೆಕ್ಕಿ,
ಸೀಟಿನ್ಯಾಗ ಹೆಲ್ಮೆಟ್ ಹಾಕಿದ ಅರ್ಧ ಮನಶ್ಯಾ,
ಸೊಂಟದ ಕೆಳಗ ಏನೂ ಇಲ್ಲ.
ರಿಮೋಟು ಅಣ್ಣಂದು.
ಓಡೋದು ನಂದು.
ವ್ಯಾಕ್ಸಿನ್ ಡಿಪೋ ಮೈದಾನದಾಗ ಅರವತ್ತು ಹೆಜ್ಜಿ ದಾಟಿತಂದ್ರ
ಸಿಗ್ನಲ್ ಸಾಯ್ತಿತ್ತು,
ಗಾಡಿ ಹುಚ್ಚು ಹಿಡದಂಗ ಒಂದೇ ಕಡೆ ಸುತ್ತಿ ನಿಲ್ತಿತ್ತು.
"ಸುಗಂಧಾ, ಹೋಗ" ಅಂತಿದ್ದ.
ಹೋಗ್ತಿದ್ದೆ. ಎದಿಗೆ ಅವಚಿಕೊಂಡು ತರ್ತಿದ್ದೆ.
ಸುಟ್ಟ ವಾರ್ನಿಶ್ಶಿನ ವಾಸನಿ,
ಅಂಗೈಯಾಗ ಇನ್ನೂ ಸಣ್ಣಗ ತಿರುಗೋ ಗಾಲಿ.
ಅಷ್ಟು ನನ್ನ ಪಾಲು.

ಹೋದ ವಾರ ಅಣ್ಣ ನಿಪ್ಪಾಣಿಯಿಂದ ಬಂದು ಡಬ್ಬಿ ಇಟ್ಟ.
"ಬೇಕಂದ್ರ ಇಟ್ಕೋ, ಇಲ್ಲಂದ್ರ ಭಂಗಾರದವಗ ಕೊಡು."
ಚಾ ಕುಡದ. ಬಸ್ಸಿನ ಟೈಮ್ ಕೇಳಿದ.

ಇದ್ದದ್ದು ಇದ್ದಂಗ ಅಂದ್ರ ಯಾವತ್ತು ಇದ್ದಂಗ?
ಡಬ್ಬಿ ಒಡದ ದಿನದಂಗ?
ಅವತ್ತು ನಂಗ ಮುಟ್ಟಾಕ ಕೊಟ್ಟಿರಲಿಲ್ಲ.

ಪಾರೀಸ ಗೇರ್‌ಬಾಕ್ಸಿಗೆ ಕೈ ಹಚ್ಚಿದ.
ಮೂರು ಸ್ಕ್ರೂ ಬಂದುವು. ನಾಕನೇದಕ್ಕ
ಚಿಮಣಿಎಣ್ಣಿ ಬಿಟ್ಟು ಕಾದ.
ಒಳಗ ಗ್ರೀಸು, ಬೆಲ್ಲದ ಪಾಕ ಆರಿದಂಗ.
ಬಿಳೀ ಪ್ಲಾಸ್ಟಿಕ್ಕಿನ ನಡುವ ಒಂದೇ ಒಂದು
ಹಿತ್ತಾಳಿ ಗೇರು.
"ಇದು ಕಂಪನಿದಲ್ಲ. ಕೈಲೆ ಹಲ್ಲು ಕಡದಾರ.
ಒಂದು ಹಲ್ಲು ತುಸು ದಪ್ಪ ಐತಿ. ಯಾರ ಕೆಲಸ ಇದು?"

ಅಪ್ಪಂದು. ಎರಡನೇ ಪಾಳಿಯ ಟರ್ನರ್,
ಈ ಗಲ್ಲಿಯ ತುದಿಗೇ ಅವನ ಶೆಡ್ಡು.
ಎತಗೊಂಡು ಬರೂವಾಗ ನಾನೇ ಕೆಡವಿದ್ದೆ.
ಯಾರ ಮುಂದೂ ಹೇಳಿರಲಿಲ್ಲ. ಅಣ್ಣ ಎರಡು ದಿನ ಉಂಡಿರಲಿಲ್ಲ.
ಅಪ್ಪ ಯಾರು ಅಂತ ಕೇಳಲಿಲ್ಲ.
ಪಾಳಿ ಮುಗಿಸಿ ನಡುರಾತ್ರಿ ಬಂದು, ಕಿಸೇದಿಂದ ಇದನ್ನ ತಗದು
ನನ್ನ ಕೈಯಾಗ ಇಟ್ಟ.
ಅಣ್ಣನ ಕೈಯಾಗಲ್ಲ.

"ಒರಿಜಿನಲ್ ಬೇಕಂದ್ರ ಇದನ್ನ ತಗೀಬೇಕು," ಅಂದ ಪಾರೀಸ.
"ಜೋರ್ ಓಡಬೇಕಂದ್ರೂ ತಗೀಬೇಕು.
ಹೊಸಾ ಮೋಟರಿನ ಜೋರಿಗೆ ಇದು
ಬಾಕಿ ಗೇರೆಲ್ಲಾ ತಿಂದು ಹಾಕತೈತಿ."

ಮೊದಲ ಒಮ್ಮೆ ಓಡಸಿ ನೋಡೂಣು ಅಂದೆ.
ಗೊಣಗಿಕೋತ ಕಿಲುಬು ಉಜ್ಜಿದ,
ಡ್ರಿಲ್ಲಿನ ಬ್ಯಾಟರಿ ರಬ್ಬರ್ ಬ್ಯಾಂಡ್ ಹಾಕಿ ಬಿಗದ,
ರಿಮೋಟಿಗೆ ಎಂಟು ಪೆನ್ಸಿಲ್ ಸೆಲ್ಲು.
ಮುಂದಿನ ಗಾಲಿ ನಿದ್ದಿಗಣ್ಣಿನಾಗ ಕೈ ಕೊಡವಿದಂಗ
ಒಮ್ಮೆ ಅದುರಿತು.

ಗಲ್ಲಿಗೆ ಇಳಿಸಿದೆ. ಟಯರು ಬಿಸ್ಕೀಟಿನಂಗ ಉದುರಿ
ಬರೇ ರಿಮ್ಮಿನ ಮ್ಯಾಲ ಖಟಖಟ ಹೊಂಟಿತು.
ಇಪ್ಪತ್ತು ಹೆಜ್ಜಿ. ನಿಂತಿತು.
"ಅಲ್ಲೇ ಇರ್ರಿ, ನಾ ತರ್ತೀನಿ," ಅಂದ.
ಅಷ್ಟೊತ್ತಿಗೆ ನಾ ಹೊಂಟಿದ್ದೆ. ಹಳೇ ಚಟ.
ಮೂರನೇ ಹೆಜ್ಜಿಗೆ ಗಾಡಿ ತಾನೇ ಮತ್ತ ಹೊಂಟಿತು.
ನಿಂತೆ. ಅದೂ ನಿಂತಿತು.
ಕೈ ನೋಡಿಕೊಂಡೆ.
ರಿಮೋಟು ನನ್ನ ಕೈಯಾಗ ಇತ್ತು,
ಬೆರಳು ಕಡ್ಡಿ ಬಿಟ್ಟೇ ಇರಲಿಲ್ಲ.

ಹಂಗೇ ನಡದೆ. ಅದು ಮುಂದ, ನಾ ಹಿಂದ,
ವೆಲ್ಡಿಂಗಿನವ ಮುಖವಾಡ ಎತ್ತಿ ನೋಡಿದ,
ಅಪ್ಪನ ಶೆಡ್ಡು ಇದ್ದ ಜಾಗಾ ದಾಟಿದಿವಿ,
ಈಗಲ್ಲಿ ಪ್ಯಾಕಿಂಗ್ ಡಬ್ಬಿ ಮಾಡ್ತಾರ.

ಹೊಳ್ಳಿ ಬಂದು ಹೇಳಿದೆ: ಟಯರ್ ಅಷ್ಟು ಹೊಸಾವು ಹಾಕು.
ಯಾವ ದೇಶದ್ದಾದ್ರೂ ನಡೀತೈತಿ.
ಗೇರ್ ಮುಟ್ಟಬ್ಯಾಡ.

"ಇದು ಅತ್ತ ಹಳೇದೂ ಅಲ್ಲ, ಇತ್ತ ಹೊಸದೂ ಅಲ್ಲ ಅಕ್ಕಾರ.
ಬಿಲ್ಲಿನ್ಯಾಗ ಏನಂತ ಬರೀಲಿ?"

ರಿಪೇರಿ ಅಂತ ಬರಿ, ಅಂದೆ.

ಬರದ. ಚಿಮಣಿಎಣ್ಣಿದು ಬ್ಯಾರೇ ಹಚ್ಚಿದ.