ಕಾಣದ ಸಾಲು

ಗುತ್ತಲು ರಸ್ತೆಯ ಗುಜರಿಯಲ್ಲಿ ತೂಕಕ್ಕೆ ಕೊಂಡದ್ದು
ಒಂದು ರೂಟರು, ಒಂದು ಹಳೇ ಸ್ವಿಚ್ಚು.
ಕರೆಂಟು ಕೊಟ್ಟರೆ ಗಿರಣಿಯ ಸದ್ದು.
'ಇಷ್ಟು ಸದ್ದಿಗೆ ಒಂದು ಸೇರು ರಾಗಿನಾದ್ರೂ
ಹಿಟ್ಟಾಗಬೇಕಿತ್ತು' ಅನ್ನುತ್ತಾಳೆ ಅವ್ವ,
ಗೋಡೆಯ ಕಡೆಗೆ ಮಗ್ಗುಲಾಗುತ್ತ.

ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನ.
ಶುಲ್ಕ ಕಟ್ಟಿಯಾಗಿದೆ, ಡೈರಿಯ ಎರಡು ತಿಂಗಳ ಸಂಬಳ,
ಸಾಲದ್ದಕ್ಕೆ ಚಿಕ್ಕಮ್ಮನ ಚೀಟಿ ದುಡ್ಡು.

ಮೊದಲು ಕಲಿತದ್ದು ಪಾಲು ಮಾಡುವುದು.
ಇನ್ನೂರೈವತ್ತಾರನ್ನು ನಾಲ್ಕು ಕೇರಿ ಮಾಡಿದರೆ
ಕೇರಿಗೆ ಅರವತ್ನಾಲ್ಕು ಮನೆ.
ಮೊದಲನೆಯದು ಕೇರಿಯ ಹೆಸರಿಗೇ ಮೀಸಲು,
ಕೊನೆಯದು ತಮಟೆಗೆ, ಅಲ್ಲಿ ಬಡಿದರೆ
ಕೇರಿಗೆಲ್ಲ ಕೇಳಿಸುತ್ತದೆ.
ಆ ಎರಡರಲ್ಲಿ ಯಾರೂ ಸಂಸಾರ ಹೂಡುವಂತಿಲ್ಲ.
ಉಳಿದದ್ದು ಅರವತ್ತೆರಡು.
ಬಸ್ ಟಿಕೆಟ್ಟಿನ ಹಿಂದೆ, ಹಾಲಿನ ರಸೀತಿಯ ಹಿಂದೆ
ಇದೇ ಲೆಕ್ಕ, ಇದೇ ಲೆಕ್ಕ.

ತಾತನಿಗೆ ಲೆಕ್ಕವೆಲ್ಲ ಬಾಯಲ್ಲೇ ಇತ್ತು.
ನೀರುಗಂಟಿ.
ಕಟ್ಟು ನೀರು ಬಿಟ್ಟ ರಾತ್ರಿಗಳಲ್ಲಿ
ಲಾಟೀನು ಹಿಡಿದು ನಾಲೆ ಏರಿಯ ಮೇಲೆ ನಡೆದು
ಇವರ ಗದ್ದೆಗೆ ಎರಡು ತಾಸು, ಅವರದಕ್ಕೆ ಒಂದೂವರೆ,
ಇಲ್ಲಿ ಮಣ್ಣು ಎಳೆದು ಅಲ್ಲಿ ಮಣ್ಣು ಒತ್ತಿ.
'ನೀರು ಗೌಡನ ಮಾತೂ ಕೇಳಕಿಲ್ಲ ಕಣವ್ವ,
ಇಳಿಜಾರಿನ ಮಾತು ಕೇಳ್ತದೆ.'

ಈ ಯಂತ್ರದ ನುಡಿಯಲ್ಲಿ 'ತೆರೆ' ಎಂಬ ಪದವೇ ಇಲ್ಲ.
'ಮುಚ್ಚು' ಇದೆ.
ತೆರೆಯಬೇಕಾದರೆ 'ಮುಚ್ಚಬೇಡ' ಅನ್ನಬೇಕು.
ಮೂರು ವಾರ ಅದನ್ನೇ ಮರೆಯುತ್ತಿದ್ದೆ.
ವಿಳಾಸ ಸರಿ, ತಂತಿ ಸರಿ,
ದೀಪ ಮಾತ್ರ ಹತ್ತದು.

ಶನಿವಾರ ರಾತ್ರಿ ಬೋರಲಿಂಗು ಸಾರ್ ಫೋನು:
'ಸುಗುಣಾ, ತೂಕದ ರೂಮು ಲೆಕ್ಕದ ರೂಮಿನ ಜೊತೆ
ಮಾತು ಬಿಟ್ಟದೆ. ಐದು ಗಂಟೆಗೆ ಹಾಲು ಬತ್ತದೆ.'
ಹೋದೆ. ಹುಳಿ ಹಾಲಿನ ವಾಸನೆ, ತೊಳೆದ ಕ್ಯಾನುಗಳು,
ದೀಪಗಳೆಲ್ಲ ಹಸಿರು.
ಕೂಗಿ ನೋಡಿದೆ. ನಾಲ್ಕು ಸಲ ಕೂಗುವುದು ಇದರ ವಾಡಿಕೆ,
ನಾಲ್ಕು ಸಲವೂ ಕಾದದ್ದಷ್ಟೇ ಬಂತು.
ತಂತಿ ಬದಲಿಸಿದೆ. ಬೇರೆ ಕಿಂಡಿಗೆ ಹಾಕಿದೆ.
ಸಾರ್ ಎರಡು ಸಲ ಬಂದು ಗಡಿಯಾರ ನೋಡಿ ಹೋದರು.

ಹನ್ನೆರಡೂವರೆಗೆ ಪಟ್ಟಿ ತೆರೆದೆ,
ಯಾರನ್ನು ಒಳಗೆ ಬಿಡಬೇಕೆಂದು
ಹಿಂದಿನವನು ಬರೆದಿಟ್ಟ ಪಟ್ಟಿ.
ಮ್ಯಾನೇಜರನ್ನು ಬಿಡು. ಲ್ಯಾಬನ್ನು ಬಿಡು.
ಲೆಕ್ಕದವರನ್ನು ಬಿಡು.
ಯಾರನ್ನೂ ತಡೆ ಎಂದು ಎಲ್ಲೂ ಬರೆದಿಲ್ಲ.

ಆಮೇಲೆ ನೆನಪಾಯಿತು ಪುಸ್ತಕದ ಅಡಿಯ ಸಣ್ಣಕ್ಷರ:
ಪಟ್ಟಿ ಮುಗಿದಲ್ಲಿ ಇನ್ನೊಂದು ಸಾಲು ಇದ್ದೇ ಇರುತ್ತದೆ.
ಯಾರೂ ಬರೆದದ್ದಲ್ಲ, ಕೇಳಿದರೆ ತೋರಿಸುವುದೂ ಇಲ್ಲ.
ಉಳಿದವರನ್ನೆಲ್ಲ ತಡೆ.

ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಊರ ಗದ್ದೆಗೆಲ್ಲ ನೀರು ಹಾಯಿಸಿ ಬಂದ ಬೆಳಿಗ್ಗೆ
ತಾತ ಹೋಟೆಲಿನ ಹೊರಗೆ, ಕಲ್ಲಿನ ಮೇಲೆ,
ತನ್ನದೇ ಲೋಟ ಬಗಲಲ್ಲಿ.
'ಒಳಗೆ ಬರಬ್ಯಾಡ ಅಂತ ಯಾರಂದವ್ರೆ ತಾತ?'
ಆಗ ನನಗೆ ಏಳು ವರ್ಷ.
'ಯಾರೂ ಅಂದಿಲ್ಲ ಕಣವ್ವ' ಅಂದು
ಟೀ ಊದಿ ಆರಿಸಿದ.

ತೂಕದ ರೂಮಿನ ವಿಳಾಸ ಬರೆದೆ. 'ಬಿಡು' ಅಂದೆ.
ಮತ್ತೆ ಕೂಗಿದೆ.
ನಾಲ್ಕಕ್ಕೆ ನಾಲ್ಕೂ ಓಗೊಟ್ಟಿತು,
ಕಣ್ಣು ಮಿಟುಕಿಸಲೂ ಬಿಡುವಿಲ್ಲದಷ್ಟು ಬೇಗ.
ಉಳಿಸದಿದ್ದರೆ ಕರೆಂಟು ಹೋದೊಡನೆ
ಬರೆದದ್ದೆಲ್ಲ ಅಳಿಸಿ ಮೊದಲಿನಂತೆಯೇ ಆಗುತ್ತದೆ.
ಉಳಿಸಿದೆ. ನಂಬಿಕೆ ಸಾಲದೆ ಇನ್ನೊಮ್ಮೆ ಉಳಿಸಿದೆ.

ದಾರಿಯಲ್ಲಿ ಕಬ್ಬಿನ ಲಾರಿಗಳ ಸಾಲು,
ಕ್ಲೀನರ್ ಹುಡುಗನೊಬ್ಬ ಎಸೆದ ಜಲ್ಲೆ
ಗಾಡಿಯ ಮುಂದೆ ಬಿತ್ತು. ಎತ್ತಿಕೊಂಡೆ.
ಮನೆಯಲ್ಲಿ ಅದೇ ಅಧ್ಯಾಯದ ಕೊನೆಯ ಪ್ರಶ್ನೆಗಳು:
ಹತ್ತರಲ್ಲಿ ಎಂಟು ಸರಿ.
ತಪ್ಪಾದ ಎರಡೂ, ನೋಡಿ,
ಪಾಲು ಮಾಡುವ ಲೆಕ್ಕ.