ಚೌಕಟ್ಟಿನವನು ಹೇಳಿದ್ದು

ಸಾಲ್ವಡಾರ್‌ನ ಇಳಿಜಾರು ಬೀದಿಯಲ್ಲಿ ನನ್ನದು ಚೌಕಟ್ಟಿನಂಗಡಿ.
ಬಣ್ಣದ ಬಗ್ಗೆ ನನ್ನನ್ನು ಕೇಳಬೇಡಿ,
ಮೂಲೆಗೆ ಮೂಲೆ ಕೂಡಿಸುವುದಷ್ಟೇ ಗೊತ್ತು.

ವಾಲ್ಡೆಲೀಸಿ ಮೊದಮೊದಲು ತರುತ್ತಿದ್ದದ್ದು
ಅಂಗೈಯಗಲದ ಚಿತ್ರ: ಹಳದಿ ಚರ್ಚು, ತೆಂಗಿನ ಮರ,
ಹಾಯಿ ಬಿಚ್ಚಿದ ದೋಣಿ.
ಹಡಗಿಳಿದ ಪ್ರವಾಸಿಗರು ಡಜನ್‌ಗಟ್ಟಲೆ ಕೊಳ್ಳುತ್ತಿದ್ದರು.
ದೋಣಿಯಲ್ಲಿ ಜನರೇ ಇಲ್ಲವಲ್ಲ, ಅಂದೆ ಒಮ್ಮೆ.
ಚಿಲ್ಲರೆ ಎಣಿಸುತ್ತಿದ್ದವಳು ತಲೆಯೆತ್ತಲಿಲ್ಲ.
ಆಮೇಲೆ ಎರಡು ವರ್ಷ ಬರಲೇ ಇಲ್ಲ.

ಬಂದಾಗ ಕೈಯಲ್ಲೊಂದು ಬಣ್ಣದ ಟ್ಯೂಬು.
“ಓದು, ಏನು ಬರೆದಿದೆ?”
“ಮೈಬಣ್ಣ.”
“ಯಾರ ಮೈ, ಒಸ್ಮುಂದೊ?”
ಒಳಗಿದ್ದದ್ದು ಸುಲಿದ ಸೀಗಡಿಯ ಬಣ್ಣ.
ನಮ್ಮ ಬೀದಿಯಲ್ಲಿ ಆ ಬಣ್ಣದವನು ಪಾದ್ರಿ ಒಬ್ಬನೇ,
ಅವನೂ ಬಿಸಿಲು ಬಡಿದಾಗ ಮಾತ್ರ.

ಕಲಾಶಾಲೆ ಕಲಿಸಿತ್ತಂತೆ: ಕಪ್ಪೆಂದರೆ ನೆರಳು,
ನೆರಳಿಗೆ ಮುಖವಿಲ್ಲ.
ಅವಳು ನನ್ನಂಗಡಿಯ ಗೋಡೆಯ ಮೇಲೇ ಬೆರೆಸಿ ಬೆರೆಸಿ ನೋಡಿದಳು,
ಎಳ್ಳಿನ ಕಪ್ಪು, ಕಾಕಂಬಿಯ ಕಪ್ಪು,
ಕಮ್ಮಾರನ ನೀರಲ್ಲಿ ತಣಿದ ಕಬ್ಬಿಣದ್ದು,
ಕಾಗೆ ಕತ್ತು ತಿರುಗಿಸಿದಾಗ ಮಿಂಚಿ ಹೋಗುವ ನೀಲಿ,
ಹೊಗೆಸೊಪ್ಪು ಹೊಸೆದ ಬೆರಳಿನ ಕಂದು.
ಕಪ್ಪು ಟ್ಯೂಬನ್ನು ಮಾತ್ರ ಮುಟ್ಟಲಿಲ್ಲ.
ಗೋಡೆ ಇನ್ನೂ ಹಾಗೇ ಇದೆ.
ಸುಣ್ಣ ಹೊಡೆಸಲು ಮಾಲೀಕ ಎರಡು ಸಲ ಬಂದ,
ಎರಡು ಸಲವೂ ಏಣಿ ಕಾಣೆಯಾಗಿತ್ತು.

ಮತಾನ್ಸಾಸ್, ಪರಮಾರಿಬೊ, ಮಂಜಿನ ಲಿವರ್‌ಪೂಲ್,
ಸಾಲ ಮಾಡಿ ಅಲೆದಳು. ತಂದದ್ದು ಬರೀ ಮುಖಗಳು.
ಲಿವರ್‌ಪೂಲಿನ ಬಸ್ಸು ಓಡಿಸುವವಳ ಹುಬ್ಬು
ಇಲ್ಲಿ ತಾಳೆಎಣ್ಣೆಯಲ್ಲಿ ಅಲಸಂದೆ ವಡೆ ಕರಿಯುವ ಜಸೀರಾಳದೇ!
ಒಬ್ಬರನ್ನೊಬ್ಬರು ಕಂಡಿಲ್ಲ, ಕಾಣುವುದೂ ಇಲ್ಲ.
“ಒಂದೇ ಬಟ್ಟೆ ಹರಿದು ಹಂಚಿದರು,” ಅಂದಳು,
“ಅಂಚಿನ ದಾರ ನೋಡು.”
ನನ್ನ ಲೆಕ್ಕದ ಪುಸ್ತಕದಲ್ಲಿ ಅವಳ ಬಾಕಿ ಆಗ ನಾಲ್ಕು ಪುಟ.

ಒಂದು ಮಂಗಳವಾರ ನನ್ನನ್ನೇ ಕೂರಿಸಿದಳು.
ಹಳೇ ದಫ್ತರದಲ್ಲಿ ಒಂದು ಸಾಲು ಸಿಕ್ಕಿತ್ತು:
ಹೆಂಗಸು, ವಯಸ್ಸು ಇಪ್ಪತ್ತಿರಬಹುದು, ಎಡಗಿವಿ ಹರಿದಿದೆ, ಬೆಲೆ ಇಷ್ಟು.
ಹೆಸರಿನ ಜಾಗ ಖಾಲಿ.
“ಅವಳು ನನ್ನವಳೆಂದು ಹೇಗೆ ಹೇಳುತ್ತೀ?”
“ಅಲ್ಲವೆಂದು ನೀನು ಹೇಗೆ ಹೇಳುತ್ತೀ?”

ಮೂರು ವಾರ ಕೂತೆ, ಅರವತ್ತರ ಗಂಡಸು,
ಇಪ್ಪತ್ತರ ಹೆಣ್ಣಿಗೆ ಮುಖ ಕೊಟ್ಟು.
ಮೂಗು ನನ್ನದು. ದವಡೆ ನನ್ನ ತಂಗಿಯದು.
ಕಣ್ಣು ಎಲ್ಲಿಂದ ತಂದಳೋ, ಕೇಳಲಿಲ್ಲ.
ಹರಿದ ಕಿವಿಗೂ ಓಲೆ ಇಟ್ಟಿದ್ದಳು.
ಅದು ಹೇಗೆ ನಿಲ್ಲುತ್ತೆ ಮಾರಾಯ್ತಿ, ಅಂದರೆ
“ಬಣ್ಣ ಹಿಡಿದುಕೊಳ್ಳುತ್ತೆ” ಅಂದಳು.

ಗುರುವಾರ ಪ್ರದರ್ಶನ. ಮರ ಕೊಯ್ದಿಟ್ಟು ಒಂಬತ್ತು ದಿನ.
ಚಿತ್ರ ಗೋಡೆಗೊರಗಿ ನನ್ನನ್ನೇ ನೋಡುತ್ತಿದೆ.
ನಾಲ್ಕೂ ಕಡೆ ಪಟ್ಟಿ ಬಡಿದರೆ...
ಕೂಡಿಸುವುದಕ್ಕೂ ಕೂಡಿಹಾಕುವುದಕ್ಕೂ
ನಡುವೆ ಎಷ್ಟು ಮೊಳೆ ಎಂದು
ನನಗೆ ಯಾರೂ ಕಲಿಸಲಿಲ್ಲ.

ವಾಲ್ಡೆಲೀಸಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾಳೆ.