ಸದ್ಯಕ್ಕ ಅಲ್ಲೈತಿ

ಕೇಶ್ವಾಪುರ. ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲಿನ ಖೋಲಿ,
ರಾತ್ರಿ ಒಂದೂವರೆ.
ನೀರಿನ ಬಿಲ್ಲಿನ ಜಾಲತಾಣಕ್ಕೆ ಹೊಸ ವಿಳಾಸ ಬಂದಿದೆ.
ಹಳೆಯದು ಎಪ್ಪತ್ತು ಸಾವಿರ ಬಿಲ್ಲುಗಳ ಬೆನ್ನಿಗೆ ಅಚ್ಚಾಗಿಬಿಟ್ಟಿದೆ;
ಅವು ಈಗ ಯಾರ್ಯಾರದೋ ಅಡುಗೆಮನೆಯ ಮೊಳೆಗೆ ಚುಚ್ಚಿಕೊಂಡಿವೆ,
ಖಾರದಪುಡಿ ಡಬ್ಬಿಯ ತಳಕ್ಕೆ ಹಾಸಿಕೊಂಡಿವೆ.
ಕರೆದರೆ ವಾಪಸು ಬರುವ ಕಾಗದವಲ್ಲ.

ಹಳೇ ಬಾಗಿಲಲ್ಲಿ ಒಬ್ಬನನ್ನು ಕೂಡ್ರಿಸಬೇಕು ಹಾಗಾದರೆ.
ರಿವರ್ಸ್ ಪ್ರಾಕ್ಸಿ ಅಂದರೆ ಅಷ್ಟೇ:
ಒಂದು ಸ್ಟೂಲು, ಅದರ ಮೇಲೊಬ್ಬ.
ಬಂದವರಿಗೆ ಅವನ ಮುಖ ಬಿಟ್ಟು ಒಳಗಿನದೇನೂ ಕಾಣಬಾರದು.
ಅರೆವಿರಾಮ ಒಂದು ಮರೆತಿದ್ದೆ.
ಹದಿನೇಳನೇ ಸಾಲು ನೋಡು, ಎಂದು ಸರ್ವರು ಏಳಲೊಲ್ಲದೆ ಮಲಗಿತು.
ನೋಡಿದೆ. ಹಾಕಿದೆ.
ಅಷ್ಟೊತ್ತಿಗೆ ದಾವಲಸಾಬ ನೆನಪಾಗಿದ್ದ.

ನಾನಾಗ ಆರನೇ ಇಯತ್ತೆ. ಇಂಡಿಪಂಪಿನ ಹತ್ತಿರದ ನೀರಿನ ಕಚೇರಿ
ಮೇಜು ಕುರ್ಚಿ ಲೆಡ್ಜರು ಫ್ಯಾನು ಸಮೇತ
ನವನಗರಕ್ಕೆ ಎದ್ದುಹೋಗಿತ್ತು.
ಉಳಿದವನು ಜವಾನ ದಾವಲಸಾಬ, ಅವನ ಸ್ಟೂಲು,
ತಲೆಯ ಮೇಲೆ ಫ್ಯಾನು ಕಿತ್ತ ಕೊಕ್ಕೆ.
"ಸದ್ಯಕ್ಕ ಅಲ್ಲೈತಿ ತಂಗಿ" ಎಂದು
ನನ್ನ ಬಿಲ್ಲಿನ ಅಂಚಿಗೆ ನೀಲಿ ಪೆನ್ಸಿಲಿನಲ್ಲಿ ಬಸ್ಸಿನ ನಂಬರು ಬರೆದ.
"ಯಾರ್ ಕಳಿಸ್ಯಾರ ಅಂದ್ರ ನನ್ನ ಹೆಸರು ಹೇಳು."

ಎಲ್ಲರನ್ನೂ ಕಳಿಸುತ್ತಿರಲಿಲ್ಲ ಅವನು.
ಮೊಣಕಾಲು ಹಿಡಿದ ಚೆನ್ನಬಸವ್ವ,
ಕಣ್ಣಿಗೆ ಪೊರೆ ಬಂದ ಹಂಪಿಹೊಳಿ ಮಾಸ್ತರು ಬಂದರೆ
"ಕೂಡ್ರಿ" ಅನ್ನುವನು.
ದುಡ್ಡು, ಬಿಲ್ಲು ರುಮಾಲಿನಲ್ಲಿ ಗಂಟು ಕಟ್ಟಿ
ಮಧ್ಯಾಹ್ನ ಸೈಕಲ್ಲು ಹತ್ತುವನು,
ಉಣಕಲ್ಲಿನ ಏರಿನಲ್ಲಿ ಇಳಿದು ತಳ್ಳುವನು,
ಸಂಜೆ ಪಾವತಿ ತಂದು ಕೈಗಿಡುವನು.
ಚೆನ್ನಬಸವ್ವನ ಪಾಲಿಗೆ ಕಚೇರಿ ಎಲ್ಲಿಗೂ ಹೋಗಲೇ ಇಲ್ಲ.
ಸಾಯುವತನಕ ಅದು ಇಂಡಿಪಂಪಿನ ಹತ್ತಿರವೇ ಇತ್ತು.

ನಡುವೆ ಒಮ್ಮೆ ಕೆಟ್ಟಿತು.
ನವನಗರದ ಹೊಸ ಕಾರಕೂನ, ಹಳೇ ಬಾಕಿ ಹಳೇ ಕಚೇರಿಯಲ್ಲೇ ಎಂದು
ಮರಳಿ ಅಟ್ಟತೊಡಗಿದ. ಇವನು ಅಲ್ಲಿಗೆ, ಅವನು ಇಲ್ಲಿಗೆ.
(ಹನ್ನೆರಡೂಮುಕ್ಕಾಲಿಗೆ ನಾನೂ ಇದನ್ನೇ ಮಾಡಿಕೊಂಡು ಕೂತಿದ್ದೆ.
ಬ್ರೌಸರು ಇಪ್ಪತ್ತು ಸಲ ಓಡಾಡಿ ಕೈಚೆಲ್ಲಿತು.)
ಗೌಸಿಯಾಬಿ ಕೈಚೆಲ್ಲಲಿಲ್ಲ. ಇಪ್ಪತ್ತೊಂದನೇ ಸಲ ಬಂದವಳು
ಸ್ಟೂಲಿನ ಮುಂದೆ ನೆಲಕ್ಕೇ ಕೂತಳು:
"ನೀವಿಬ್ರೂ ಮದ್ಲ ಒಂದ ಕಡೆ ಕೂಡ್ರಿ. ಆಮ್ಯಾಲೆ ನಾ ಏಳ್ತೇನಿ."

ಫೋನಿನಲ್ಲಿ ಗುರುಶಾಂತ, ನಿದ್ದೆಗಣ್ಣು:
"ಮುನ್ನೂರಾ ಒಂದು ಹಾಕಿ ಮುಗಿಸಿಬಿಡವಾ. ಕಾಯಂ."
ಕಾಯಂ ಎಂದು ಒಮ್ಮೆ ಹೇಳಿದರೆ ಸಾಕು,
ಬ್ರೌಸರು ನೆನಪಿಟ್ಟುಕೊಂಡು ಮತ್ತೆ ಈ ಬಾಗಿಲು ಬಡಿಯುವುದಿಲ್ಲ.
ಮುನ್ನೂರಾ ಎರಡು ಅಂದರೆ ಸದ್ಯಕ್ಕೆ;
ಪ್ರತಿ ಸಲ ಬಂದು ಕೇಳಿಕೊಂಡೇ ಹೋಗುತ್ತದೆ.

ಹನ್ನೊಂದು ತಿಂಗಳು ದಾವಲಸಾಬ ಯಾರಿಗೂ ಕಾಯಂ ಎನ್ನಲಿಲ್ಲ.
ಆರ್ಡರು ಅವನ ಜೇಬಿನಲ್ಲೇ ಇತ್ತಂತೆ, ಸೀಲು ಬಿದ್ದದ್ದು,
ಬೆವರಿಗೆ ಮಡಿಕೆ ಹರಿದದ್ದು.
ದಾರಿ ಗೊತ್ತಿದ್ದವರೂ ಸುಮ್ಮನೆ ಬಂದು ಕೇಳುವರು:
"ಈಗ ಎಲ್ಲೈತಿ?"
"ಸದ್ಯಕ್ಕ ಅಲ್ಲೇ ಐತಿ."
ಅಷ್ಟರಲ್ಲಿ ಒಂದು ಚಹಾ ಆಗುತ್ತಿತ್ತು.

ಮುಂದಿನ ವರ್ಷ ಟೆಂಡರು ಯಾರದೋ, ವಿಳಾಸ ಮತ್ತೆ ಬದಲಾದೀತು,
ಎಂದು ಗುರುಶಾಂತನಿಗೆ ಹೇಳಿದೆ. ಸುಳ್ಳೇನಲ್ಲ.
ಒಂದನ್ನು ಅಳಿಸಿ ಎರಡು ಒತ್ತಿದೆ.
ಹಳೇ ಫೋನು ಹಿಡಿದು ಬರೀ ಪಾವತಿ ನೋಡಲು ಬರುವವರನ್ನು
ಎಲ್ಲಿಗೂ ಕಳಿಸದೆ, ಒಳಗಿಂದ ತಂದುಕೊಡುವ ಹಾಗೆ
ಇನ್ನೆರಡು ಸಾಲು. ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

ಐದೂ ನಲವತ್ತಕ್ಕೆ ಲಾಗಿನಲ್ಲಿ ಮೊದಲ ಗೆರೆ ಮೂಡಿತು.
ಯಾರೋ ಹಳೇ ಬಾಗಿಲಿಗೇ ಬಂದಿದ್ದರು.
ಕೆಳಗೆ ಓಣಿಯಲ್ಲಿ ನಳ ಕೆಮ್ಮಿತು, ಎಂಟನೇ ದಿನದ ನೀರು.
ಎದ್ದು ಚಹಾಕ್ಕಿಟ್ಟೆ.